ಕದ್ದಾಲಿಕೆಗೆ ನೆರವಾದ ಫೋನ್ ಕಂಪನಿಗಳಿಗೆ ಕಾನೂನಿನ ಅಭಯ

ಸರ್ಕಾರವೊಂದು ನಾಗರಿಕರ ಫೋನ್ ಮಾತುಕತೆಯನ್ನು ದೊಡ್ಡ ಪ್ರಮಾಣದಲ್ಲಿ ಕದ್ದು ಕೇಳಬೇಕೆಂದರೆ ಫೋನ್ ಕಂಪನಿಯ ನೆರವು ಬೇಕೇ ಬೇಕು. ತಂತಿ ಕಂಪನಿಯದು, ವಿನಿಮಯ ಕೇಂದ್ರ ಕಂಪನಿಯದು, ಯಾರು ಯಾರೊಡನೆ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಮಾತನಾಡಿದರು ಎಂಬ ದಾಖಲೆಯೂ ಕಂಪನಿಯದೇ. ಕದ್ದಾಲಿಕೆಗೆ ಗುರಿಯಾದವರಿಗೆ ಸಂಗತಿ ತಿಳಿಯುವುದಿಲ್ಲ. ಹಾಗಾಗಿ ಬಾಗಿಲಿಗೆ ಬಂದ ಅಧಿಕಾರಿಯನ್ನು "ಆದೇಶ ಎಲ್ಲಿದೆ, ತೋರಿಸಿ" ಎಂದು ಕೇಳಬಲ್ಲವರು ಕಂಪನಿಯವರು ಮಾತ್ರ. ಅವರು ಕೇಳದೆಯೇ ಒಳಗೆ ಬಿಟ್ಟುಕೊಂಡರೆ ಗ್ರಾಹಕ ಅವರನ್ನು ನ್ಯಾಯಾಲಯಕ್ಕೆ ಎಳೆಯಬಹುದೇ? ಅಮೆರಿಕದಲ್ಲಿ 2006ರಲ್ಲಿ ಎದ್ದ ಈ ಪ್ರಶ್ನೆ 2012ರವರೆಗೆ ನಡೆಯಿತು. ನಡುವೆ, 2008ರ ಜುಲೈನಲ್ಲಿ, ಅಲ್ಲಿನ ಸಂಸತ್ತು ಒಂದು ಕಾನೂನು ತಂದು, ಆಗಲೇ ವಿಚಾರಣೆಯಲ್ಲಿದ್ದ ದಾವೆಗಳೂ ಬಿದ್ದುಹೋಗುವಂತೆ ಕಂಪನಿಗಳಿಗೆ ಅಭಯ ಕೊಟ್ಟಿತು.

ಈ ವಿಷಯ ಕೇಳಿದೊಡನೆ ಅನೇಕರಿಗೆ ಅನಿಸುವುದು ಇಷ್ಟು: ಸರ್ಕಾರ ಕೇಳಿತು, ಕಂಪನಿ ಕೊಟ್ಟಿತು, ಪಾಪ ಅವರದೇನು ತಪ್ಪು? ಈ ಅನುಕಂಪಕ್ಕೆ ಅಮೆರಿಕದ ಕಾನೂನು ಮೊದಲೇ ಜಾಗ ಮಾಡಿಕೊಟ್ಟಿತ್ತು. ಅಲ್ಲಿನ ಕದ್ದಾಲಿಕೆ ಕಾನೂನಿನ ಪ್ರಕಾರ ಕಂಪನಿಯ ಕೈಯಲ್ಲಿ ಎರಡರಲ್ಲಿ ಒಂದು ಕಾಗದ ಇದ್ದರೆ ಸಾಕು, ಅದರ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ಒಂದು, ನ್ಯಾಯಾಧೀಶರ ಆದೇಶ. ಇನ್ನೊಂದು, ಇದಕ್ಕೆ ಕಾನೂನಿನ ಪ್ರಕಾರ ನ್ಯಾಯಾಲಯದ ಆದೇಶ ಬೇಕಿಲ್ಲ, ಬೇಕಾದ ಎಲ್ಲ ಷರತ್ತುಗಳೂ ಪೂರೈಸಿವೆ ಎಂದು ಅಟಾರ್ನಿ ಜನರಲ್, ಅಂದರೆ ಅಲ್ಲಿನ ನ್ಯಾಯಾಂಗ ಇಲಾಖೆಯ ಮುಖ್ಯಸ್ಥರು, ಲಿಖಿತವಾಗಿ ಕೊಟ್ಟ ದೃಢೀಕರಣ. ಈ ಎರಡನೆಯದನ್ನು ನಂಬಿದ ಕಂಪನಿ, ಮುಂದೆ ಆ ದೃಢೀಕರಣವೇ ತಪ್ಪೆಂದು ಗೊತ್ತಾದರೂ, ಸುರಕ್ಷಿತ. ಅಂದರೆ ಸದ್ಭಾವನೆಯಿಂದ ನಡೆದುಕೊಂಡ ಕಂಪನಿಗೆ ಹೊಸ ರಕ್ಷಣೆಯ ಅಗತ್ಯವೇ ಇರಲಿಲ್ಲ. ಹೊಸದು ಬೇಕಾದದ್ದು ಈ ಎರಡು ಕಾಗದಗಳಲ್ಲಿ ಒಂದೂ ಸರಿಯಾಗಿ ಇಲ್ಲದವರಿಗೆ. ಮುಂದಿನ ಕಥೆಯೆಲ್ಲ ಈ ಕಾಗದದ ಸುತ್ತಲೇ ಸುತ್ತುತ್ತದೆ.

ಕಾನೂನು ಇಷ್ಟು ನಿಖರವಾಗಿ ಇರುವುದಕ್ಕೆ ಒಂದು ಹಳೆಯ ಪೆಟ್ಟು ಕಾರಣ. ಎರಡನೆಯ ಮಹಾಯುದ್ಧ ಮುಗಿದ 1945ರಿಂದ 1975ರ ಮೇ ತಿಂಗಳವರೆಗೆ, ಮೂವತ್ತು ವರ್ಷ, ಅಮೆರಿಕದ ಮೂರು ಟೆಲಿಗ್ರಾಂ ಕಂಪನಿಗಳು ವಿದೇಶಕ್ಕೆ ಹೋಗುವ ಮತ್ತು ಅಲ್ಲಿಂದ ಬರುವ ತಂತಿ ಸಂದೇಶಗಳನ್ನು ಸೇನೆಯ ಗುಪ್ತಲಿಪಿ ವಿಭಾಗಕ್ಕೆ, ಆಮೇಲೆ ಎನ್‌ಎಸ್‌ಎ ಎಂಬ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಒಪ್ಪಿಸುತ್ತಿದ್ದವು. ಆಪರೇಷನ್ ಶ್ಯಾಮ್‌ರಾಕ್ ಎಂಬುದು ಅದರ ಗುಪ್ತನಾಮ. ವೆಸ್ಟರ್ನ್ ಯೂನಿಯನ್, ಆರ್‌ಸಿಎ ಗ್ಲೋಬಲ್, ಐಟಿಟಿ: ಈ ಮೂರಕ್ಕೂ ಮೊದಲ ದಿನದಿಂದ ಅಳುಕಿತ್ತು. ನಾಳೆ ನಮ್ಮ ಮೇಲೆ ಮೊಕದ್ದಮೆ ಬಿದ್ದರೆ ಏನು ಗತಿ ಎಂದು ಅವು ಕೇಳಿದವು. 1947ರಲ್ಲಿ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಫಾರೆಸ್ಟಲ್ ಭರವಸೆ ಕೊಟ್ಟರು. 1949ರಲ್ಲಿ ಅವರ ಜಾಗಕ್ಕೆ ಬಂದ ಲೂಯಿ ಜಾನ್ಸನ್ ಅದನ್ನೇ ಮತ್ತೆ ಹೇಳಿದರು. ಕೊನೆಯ ವರ್ಷಗಳಲ್ಲಿ ತಿಂಗಳಿಗೆ ಸುಮಾರು 1,50,000 ಸಂದೇಶಗಳು ವಿಶ್ಲೇಷಕರ ಮೇಜಿಗೆ ಬರುತ್ತಿದ್ದವು. ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ಇದನ್ನೆಲ್ಲ ಬಯಲಿಗೆಳೆದ ಮೇಲೆ, 1978ರಲ್ಲಿ ಫಿಸಾ ಎಂದು ಕರೆಯುವ ವಿದೇಶಿ ಗುಪ್ತಚರ ಕಾನೂನು ಬಂತು. ಅಮೆರಿಕದೊಳಗೆ ಗುಪ್ತಚರ ಉದ್ದೇಶಕ್ಕೆ ಕದ್ದಾಲಿಸಬೇಕಾದರೆ ಅದಕ್ಕೆಂದೇ ಸ್ಥಾಪಿಸಿದ ವಿಶೇಷ ನ್ಯಾಯಾಲಯದ ಆದೇಶ ಪಡೆಯಬೇಕು ಎಂದಾಯಿತು. ಕಾನೂನು ಮೀರಿದವರು ಪ್ರತಿ ಬಾಧಿತನಿಗೆ ಕನಿಷ್ಠ 1,000 ಡಾಲರ್ ಪರಿಹಾರ ಕೊಡಬೇಕು ಎಂದೂ ಬರೆಯಲಾಯಿತು. ಬಾಯಿಮಾತಿನ ಭರವಸೆಯ ಕಾಲ ಮುಗಿಯಿತು, ಇನ್ನು ಕಾಗದ ತೋರಿಸಿಯೇ ಒಳಗೆ ಬರಬೇಕು ಎಂಬುದು ಇದರ ಹೂರಣ.

2001ರ ಸೆಪ್ಟೆಂಬರ್ 11ರ ದಾಳಿ ನಡೆದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅಕ್ಟೋಬರ್ 4ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಒಂದು ಗುಪ್ತ ಕಾರ್ಯಕ್ರಮಕ್ಕೆ ಸಹಿ ಹಾಕಿದರು. ಫಿಸಾ ನ್ಯಾಯಾಲಯವನ್ನು ಬದಿಗಿಟ್ಟು, ಅಧ್ಯಕ್ಷರ ಅಧಿಕಾರವೊಂದನ್ನೇ ಆಧಾರವಾಗಿಟ್ಟುಕೊಂಡು, ಕರೆಗಳ ಮಾತು, ಇಮೇಲ್ ಮತ್ತು ಕರೆ ದಾಖಲೆಗಳನ್ನು ಸಂಗ್ರಹಿಸುವ ಕಾರ್ಯಕ್ರಮ ಅದು. ಕಂಪನಿಗಳಿಗೆ ಪತ್ರಗಳು ಹೋದವು. ಆ ಪತ್ರಗಳಲ್ಲಿ ಏನಿತ್ತು ಎಂಬುದನ್ನು ಸೆನೆಟ್‌ನ ಗುಪ್ತಚರ ಸಮಿತಿ 2007ರಲ್ಲಿ ತನ್ನ ವರದಿಯಲ್ಲಿ ಹೇಳಿತು: ಇದಕ್ಕೆ ಅಧ್ಯಕ್ಷರ ಅನುಮತಿ ಇದೆ, ಇದು ಕಾನೂನುಬದ್ಧವೆಂದು ಅಟಾರ್ನಿ ಜನರಲ್ ತೀರ್ಮಾನಿಸಿದ್ದಾರೆ. ಒಂದು ಪತ್ರದಲ್ಲಿ ಮಾತ್ರ ಬೇರೆ ಮಾತಿತ್ತು. ಕಾನೂನುಬದ್ಧವೆಂದು ತೀರ್ಮಾನಿಸಿದವರು ಅಧ್ಯಕ್ಷರ ಕಚೇರಿಯ ಕಾನೂನು ಸಲಹೆಗಾರರು ಎಂದು ಅದು ಹೇಳುತ್ತಿತ್ತು.

ಈ ಒಂದು ಪತ್ರದ ಹಿಂದೆ ದೊಡ್ಡ ಪ್ರಕರಣವೇ ಇದೆ. 2004ರ ಮಾರ್ಚ್‌ನಲ್ಲಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ತೀವ್ರ ಅಸ್ವಸ್ಥರಾಗಿ ಆಸ್ಪತ್ರೆಯಲ್ಲಿದ್ದರು. ಅವರ ಸ್ಥಾನದಲ್ಲಿದ್ದ ಜೇಮ್ಸ್ ಕೋಮಿ, ಕಾರ್ಯಕ್ರಮದ ಕೆಲವು ಭಾಗಗಳಿಗೆ ಕಾನೂನಿನ ಆಧಾರವಿಲ್ಲವೆಂದು ಸಹಿ ಹಾಕಲು ಒಪ್ಪಲಿಲ್ಲ. ಅಧ್ಯಕ್ಷರ ಕಾನೂನು ಸಲಹೆಗಾರ ಆಲ್ಬರ್ಟೊ ಗೊನ್ಸಾಲೆಸ್ ರಾತ್ರಿ ಆಸ್ಪತ್ರೆಗೇ ಹೋಗಿ, ಹಾಸಿಗೆ ಹಿಡಿದಿದ್ದ ಆಶ್‌ಕ್ರಾಫ್ಟ್ ಅವರಿಂದ ಸಹಿ ಪಡೆಯಲು ಯತ್ನಿಸಿದರು. ಆಶ್‌ಕ್ರಾಫ್ಟ್ ನಿರಾಕರಿಸಿದರು. ಕಾರ್ಯಕ್ರಮ ನಿಲ್ಲಲಿಲ್ಲ, ಅನುಮತಿ ಪತ್ರಕ್ಕೆ ಗೊನ್ಸಾಲೆಸ್ ತಾವೇ ಸಹಿ ಹಾಕಿದರು. ಕಾನೂನು ಹೇಳುವುದು ಅಟಾರ್ನಿ ಜನರಲ್ ದೃಢೀಕರಿಸಬೇಕು ಎಂದು. ಪತ್ರದ ಒಕ್ಕಣೆ ಬದಲಾಗಿದ್ದನ್ನು ಕಂಪನಿಯ ವಕೀಲರು ಓದಿರಲೇಬೇಕು. ಇಂಥ ಪತ್ರ ಓದುವುದಕ್ಕೆಂದೇ ಸಂಬಳ ಪಡೆಯುವವರು ಅವರು. ಇಲ್ಲಿ ನನಗೆ ಅನುಕಂಪ ಹುಟ್ಟುವುದಿಲ್ಲ.

ಒಪ್ಪದವರೂ ಇದ್ದರು ಎಂಬುದು ಮುಖ್ಯ. 2006ರ ಮೇ ತಿಂಗಳಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಕರೆ ದಾಖಲೆಗಳ ಸಂಗ್ರಹದ ಸುದ್ದಿಯನ್ನು ಪ್ರಕಟಿಸಿದಾಗ, ಕ್ವೆಸ್ಟ್ ಎಂಬ ಕಂಪನಿ ಸಹಕರಿಸಲು ನಿರಾಕರಿಸಿತ್ತು ಎಂಬುದೂ ಹೊರಬಂತು. ಅದರ ಮುಖ್ಯಸ್ಥರಾಗಿದ್ದ ಜೋಸೆಫ್ ನಾಚಿಯೊ ಪರವಾಗಿ ಅವರ ವಕೀಲರು ಹೇಳಿಕೆ ಕೊಟ್ಟರು: ವಾರಂಟ್ ಅಥವಾ ಬೇರಾವುದಾದರೂ ಕಾನೂನು ಪ್ರಕ್ರಿಯೆ ನಡೆದಿದೆಯೇ ಎಂದು ನಾಚಿಯೊ ವಿಚಾರಿಸಿದರು, ಇಲ್ಲವೆಂದು ತಿಳಿದ ಮೇಲೆ ಒಪ್ಪಲಿಲ್ಲ. ಅದೇ ಸರ್ಕಾರ, ಅದೇ ದಾಳಿಯ ಭಯ, ಅದೇ ಬಗೆಯ ಕೋರಿಕೆ. ಒಬ್ಬರಿಗೆ ಕೇಳಲು ಸಾಧ್ಯವಾದ ಪ್ರಶ್ನೆ ಉಳಿದವರಿಗೆ ಸಾಧ್ಯವಿರಲಿಲ್ಲ ಎನ್ನಲಾಗದು.

ಸಂಗ್ರಹ ಹೇಗೆ ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ಕಂಡವರು ಮಾರ್ಕ್ ಕ್ಲೈನ್. ಎಟಿ ಆ್ಯಂಡ್ ಟಿ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ತಂತ್ರಜ್ಞ. ಸ್ಯಾನ್ ಫ್ರಾನ್ಸಿಸ್ಕೊ ನಗರದ 611, ಫಾಲ್ಸಮ್ ಸ್ಟ್ರೀಟ್ ಕಟ್ಟಡದಲ್ಲಿ ಇಂಟರ್ನೆಟ್ ಉಪಕರಣಗಳ ಉಸ್ತುವಾರಿ ಅವರದಾಗಿತ್ತು. ಅದೇ ಕಟ್ಟಡದ ಆರನೆಯ ಮಹಡಿಯಲ್ಲಿ 641ಎ ಎಂಬ ಕೋಣೆ. ಅದಕ್ಕೆ ಮಾಮೂಲಿ ನೌಕರರು ಹೋಗುವಂತಿಲ್ಲ, ಎನ್‌ಎಸ್‌ಎ ಒಪ್ಪಿಗೆ ಪಡೆದವರಿಗಷ್ಟೇ ಪ್ರವೇಶ. ಮೇಲಿನ ಮಹಡಿಯಲ್ಲಿ ಬೆಳಕನ್ನು ಸೀಳುವ ಸಾಧನಗಳ ಒಂದು ಕಪಾಟು. ಇಂಟರ್ನೆಟ್ ಸಂವಹನ ಗಾಜಿನ ಎಳೆಗಳಲ್ಲಿ ಬೆಳಕಿನ ರೂಪದಲ್ಲಿ ಹರಿಯುತ್ತದೆ. ಆ ಬೆಳಕನ್ನು ಎರಡಾಗಿ ಸೀಳಿದರೆ ಒಂದು ಪಾಲು ಎಂದಿನಂತೆ ತನ್ನ ದಾರಿಯಲ್ಲಿ ಹೋಗುತ್ತದೆ, ಇನ್ನೊಂದು ಪಾಲು, ಅದೇ ಮಾಹಿತಿಯ ಪೂರ್ತಿ ನಕಲು, ಕೆಳಗಿನ ಕೋಣೆಗೆ ಇಳಿಯುತ್ತದೆ. ಇದಕ್ಕೆ ಆರಿಸುವ ಶಕ್ತಿ ಇಲ್ಲ ಎಂಬುದನ್ನು ಗಮನಿಸಬೇಕು. ಶಂಕಿತನ ಇಮೇಲ್ ಒಂದನ್ನೇ ಬೇರ್ಪಡಿಸಿ ಕಳುಹಿಸುವ ಸಾಧನ ಇದಲ್ಲ. ಆ ಎಳೆಯಲ್ಲಿ ಹರಿದ ಎಲ್ಲರ ಎಲ್ಲವೂ ಎರಡು ಪಾಲಾಗುತ್ತದೆ. ಆರಿಸುವ ಕೆಲಸ ಏನಿದ್ದರೂ ಆಮೇಲಿನದು. ಮಾತ್ರವಲ್ಲ, ಆ ಎಳೆಗಳು ಎಟಿ ಆ್ಯಂಡ್ ಟಿ ಜಾಲವನ್ನು ಬೇರೆ ಕಂಪನಿಗಳ ಜಾಲಕ್ಕೆ ಜೋಡಿಸುವಂಥವು. ಹೀಗಾಗಿ ಎಟಿ ಆ್ಯಂಡ್ ಟಿ ಗ್ರಾಹಕರಲ್ಲದವರ ಸಂವಹನವೂ ಅದರಲ್ಲಿ ಹಾಯುತ್ತಿತ್ತು.

2005ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಾರಂಟ್ ಇಲ್ಲದ ಕದ್ದಾಲಿಕೆಯ ಸುದ್ದಿ ಪ್ರಕಟಿಸಿದ ಮೇಲೆ, ಆಗಲೇ ನಿವೃತ್ತರಾಗಿದ್ದ ಕ್ಲೈನ್ ತಮ್ಮ ಬಳಿಯಿದ್ದ ತಾಂತ್ರಿಕ ದಾಖಲೆಗಳನ್ನು ಹಿಡಿದು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಹಕ್ಕುಗಳ ಸಂಘಟನೆಯ ಕಚೇರಿಗೆ ಹೋದರು. 2006ರ ಜನವರಿ 31ರಂದು ಎಟಿ ಆ್ಯಂಡ್ ಟಿ ವಿರುದ್ಧ ದಾವೆ ದಾಖಲಾಯಿತು. ದೇಶದ ನಾನಾ ಕಡೆ ಹೂಡಿದ ಇಂಥ ಹತ್ತಾರು ದಾವೆಗಳೆಲ್ಲ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಧೀಶ ವಾನ್ ವಾಕರ್ ಅವರ ಮುಂದೆ ಒಟ್ಟುಗೂಡಿದವು. ಸರ್ಕಾರ ಮಧ್ಯೆ ಬಂದು, ಇದು ದೇಶದ ಗುಟ್ಟು, ಈ ಮೊಕದ್ದಮೆಯೇ ನಡೆಯಬಾರದು ಎಂದಿತು. 2006ರ ಜುಲೈ 20ರಂದು ವಾಕರ್ ಅದನ್ನು ಒಪ್ಪಲಿಲ್ಲ. ಆರೋಪದಲ್ಲಿರುವಂತೆ ದೇಶದೊಳಗಿನ ಜನರ ಸಂವಹನವನ್ನು ಸಾರಾಸಗಟಾಗಿ ಬಾಚಿದ್ದು ನಿಜವಾದರೆ, ಅದು ಕಾನೂನುಬದ್ಧವೆಂದು ತಿಳುವಳಿಕೆಯುಳ್ಳ ಯಾವ ಕಂಪನಿಯೂ ನಂಬಲಾರದು ಎಂಬ ಅರ್ಥದಲ್ಲಿ ಅವರು ಬರೆದರು.

ಕಂಪನಿಗಳಿಗೆ ನಿಜವಾಗಿ ಬೆವರಿಳಿದದ್ದು ಆಗ. ಕದ್ದಾಲಿಕೆ ಕಾನೂನಿನಡಿ ಒಬ್ಬೊಬ್ಬ ಬಾಧಿತನಿಗೂ 10,000 ಡಾಲರ್ ಅಥವಾ ಇನ್ನೂ ಹೆಚ್ಚು ಲೆಕ್ಕ ಹಾಕಬಹುದು. ಕೋಟಿಗಟ್ಟಲೆ ಗ್ರಾಹಕರಿಂದ ಗುಣಿಸಿದರೆ ಅದು ಯಾವ ಕಂಪನಿಯೂ ತೆರಲಾಗದ ಮೊತ್ತ. ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಮೈಕ್ ಮೆಕಾನೆಲ್ 2007ರ ಆಗಸ್ಟ್‌ನಲ್ಲಿ ಎಲ್ ಪಾಸೊ ಟೈಮ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಖಾಸಗಿಯವರು ನಮಗೆ ನೆರವಾಗಿದ್ದಾರೆ, ಈ ದಾವೆಗಳು ಗೆದ್ದರೆ ಅವರು ದಿವಾಳಿಯಾದಾರು ಎಂದು ಹೇಳಿಯೇಬಿಟ್ಟರು. ಯಾವ ಸಂಗತಿಯನ್ನು ಹೊರಗೆಡಹಿದರೆ ದೇಶಕ್ಕೆ ಅಪಾಯವೆಂದು ಸರ್ಕಾರದ ವಕೀಲರು ನ್ಯಾಯಾಲಯದಲ್ಲಿ ವಾದಿಸುತ್ತಿದ್ದರೋ ಅದನ್ನೇ ಸರ್ಕಾರದ ಮುಖ್ಯ ಗುಪ್ತಚರ ಅಧಿಕಾರಿ ಪತ್ರಿಕೆಯಲ್ಲಿ ಆಡಿದ್ದರು.

ಅಭಯ ಬೇಕೆನ್ನುವವರ ವಾದಗಳಲ್ಲಿ ಒಂದಕ್ಕೆ ತೂಕವಿತ್ತು. ಕಂಪನಿಯ ಬಳಿ ಸರ್ಕಾರದ ಪತ್ರ ಇದೆ ಎಂದಿಟ್ಟುಕೊಳ್ಳಿ. ಅದು ಗೋಪ್ಯ, ನ್ಯಾಯಾಲಯದಲ್ಲಿ ತೋರಿಸುವಂತಿಲ್ಲ. ತನ್ನ ಸಾಕ್ಷ್ಯವನ್ನು ತೋರಿಸಲಾಗದ ಪ್ರತಿವಾದಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ ಎಂದರೆ ಅಲ್ಲಗಳೆಯಲು ಕಷ್ಟ. ಆದರೆ ಇದಕ್ಕೆ ಪರಿಹಾರ ಕಣ್ಣೆದುರಿಗೇ ಇತ್ತು. 2008ರ ಮಾರ್ಚ್‌ನಲ್ಲಿ ಕೆಳಮನೆ 213–197 ಮತಗಳಿಂದ ಅಂಗೀಕರಿಸಿದ ಮಸೂದೆಯಲ್ಲಿ ಅಭಯ ಇರಲಿಲ್ಲ. ಬದಲಿಗೆ, ಗೋಪ್ಯ ಪತ್ರಗಳನ್ನು ನ್ಯಾಯಾಧೀಶರೇ ಮುಚ್ಚಿದ ಕೋಣೆಯಲ್ಲಿ ನೋಡಿ, ಕಂಪನಿಗೆ ಹಳೆಯ ಕಾನೂನಿನ ರಕ್ಷಣೆ ಸಲ್ಲುತ್ತದೆಯೇ ಎಂದು ತೀರ್ಮಾನಿಸಲಿ ಎಂದಿತ್ತು. ಕಂಪನಿಗಳ ಬದಲು ಸರ್ಕಾರವನ್ನೇ ಪ್ರತಿವಾದಿಯನ್ನಾಗಿ ಮಾಡೋಣ ಎಂಬ ತಿದ್ದುಪಡಿಯನ್ನು ಸೆನೆಟರ್ ಆರ್ಲೆನ್ ಸ್ಪೆಕ್ಟರ್ ತಂದಿದ್ದರು. ಎರಡೂ ಉಳಿಯಲಿಲ್ಲ. ಕೇವಲ ಕಂಪನಿಗಳನ್ನು ಕಾಪಾಡುವುದೇ ಗುರಿಯಾಗಿದ್ದರೆ ಈ ಎರಡರಲ್ಲಿ ಒಂದು ಸಾಕಾಗುತ್ತಿತ್ತು. ಕಂಪನಿಗಳ ವಿರುದ್ಧದ ವಿಚಾರಣೆ ಮುಂದುವರಿದರೆ ಕಾರ್ಯಕ್ರಮವೇ ಕಾನೂನುಬಾಹಿರ ಎಂಬ ತೀರ್ಪು ಬಂದೀತು ಎಂಬ ಭಯ ಸರ್ಕಾರಕ್ಕಿತ್ತು ಎಂದೇ ನಾನು ತಿಳಿಯುತ್ತೇನೆ.

ದೇಶಭಕ್ತಿಯಿಂದ ನೆರವಾದವರನ್ನು ಶಿಕ್ಷಿಸಬಾರದು ಎಂಬ ಮಾತೂ ಆಗ ಬಹಳ ಕೇಳಿಬಂತು. ಅದೇ 2008ರ ಜನವರಿಯಲ್ಲಿ ನ್ಯಾಯಾಂಗ ಇಲಾಖೆಯ ಲೆಕ್ಕ ತಪಾಸಣೆಯೊಂದು ಹೊರಬಂದಿತ್ತು: ಎಫ್‌ಬಿಐ ಬಿಲ್ ಪಾವತಿಸದ ಕಾರಣಕ್ಕೆ ಫೋನ್ ಕಂಪನಿಗಳು ಕೆಲವು ಕದ್ದಾಲಿಕೆ ಸಂಪರ್ಕಗಳನ್ನೇ ಕಡಿದುಹಾಕಿದ್ದವು. ಬಾಕಿ ಹಣಕ್ಕೆ ಸರ್ಕಾರಕ್ಕೆ ಇಲ್ಲವೆನ್ನಬಲ್ಲ ಕಂಪನಿ, ಕಾನೂನಿನ ಕಾಗದ ಇಲ್ಲದಿದ್ದಾಗಲೂ ಇಲ್ಲವೆನ್ನಬಹುದಿತ್ತು.

2008ರ ಜುಲೈ 9ರಂದು ಸೆನೆಟ್‌ನಲ್ಲಿ ಮತದಾನ. ಅಭಯದ ಭಾಗವನ್ನು ಕಿತ್ತುಹಾಕುವ ಸೆನೆಟರ್ ಕ್ರಿಸ್ ಡಾಡ್ ಅವರ ತಿದ್ದುಪಡಿ 32–66ರಿಂದ ಬಿದ್ದುಹೋಯಿತು. ಇಡೀ ಮಸೂದೆ 69–28ರಿಂದ ಗೆದ್ದಿತು. ಇಂಥ ಅಭಯವಿರುವ ಯಾವ ಮಸೂದೆಯನ್ನೂ ತಡೆಯುವುದಕ್ಕೆ ಬೆಂಬಲಿಸುವುದಾಗಿ ಹಿಂದಿನ ವರ್ಷ ಮಾತು ಕೊಟ್ಟಿದ್ದ ಬರಾಕ್ ಒಬಾಮ, ಡಾಡ್ ತಿದ್ದುಪಡಿಯ ಪರ ಮತ ಹಾಕಿ, ಅದು ಸೋತ ಮೇಲೆ ಮಸೂದೆಯ ಪರವೂ ಮತ ಹಾಕಿದರು. ಮರುದಿನ ಬುಷ್ ಸಹಿ ಬಿತ್ತು.

ಈಗ ಆ ಅಭಯದ ಯಂತ್ರವನ್ನು ಬಿಚ್ಚಿ ನೋಡೋಣ. ಕಂಪನಿಗಳು ತಪ್ಪು ಮಾಡಿಲ್ಲವೆಂದು ಕಾನೂನು ಎಲ್ಲಿಯೂ ಹೇಳಲಿಲ್ಲ. ಅಟಾರ್ನಿ ಜನರಲ್ ನ್ಯಾಯಾಲಯಕ್ಕೆ ಒಂದು ದೃಢೀಕರಣ ಪತ್ರ ಸಲ್ಲಿಸಿದರೆ ದಾವೆ ವಜಾ ಆಗಬೇಕು ಎಂದಿತು. ದೃಢೀಕರಿಸಬಹುದಾದ ಸಂಗತಿಗಳು ಐದು. ಮೊದಲ ಮೂರು ಹಳೆಯ ಕಾನೂನಿನವೇ: ನ್ಯಾಯಾಲಯದ ಆದೇಶವಿತ್ತು, ಸರಿಯಾದ ದೃಢೀಕರಣವಿತ್ತು, ಕಾನೂನುಬದ್ಧ ನಿರ್ದೇಶನವಿತ್ತು. ನಾಲ್ಕನೆಯದೇ ಹೊಸದು. 2001ರ ಸೆಪ್ಟೆಂಬರ್ 11ರಿಂದ 2007ರ ಜನವರಿ 17ರ ನಡುವೆ, ಭಯೋತ್ಪಾದಕ ದಾಳಿ ತಡೆಯಲು ಅಧ್ಯಕ್ಷರು ಅನುಮತಿಸಿದ ಕಾರ್ಯಕ್ರಮಕ್ಕೆ ನೆರವು ಕೊಟ್ಟದ್ದು. ಮತ್ತು ಅದಕ್ಕೆ ಅಧ್ಯಕ್ಷರ ಅನುಮತಿ ಇದೆ, ಅದು ಕಾನೂನುಬದ್ಧವೆಂದು ತೀರ್ಮಾನಿಸಲಾಗಿದೆ ಎಂದು ತಿಳಿಸುವ ಪತ್ರ ಕಂಪನಿಗೆ ಬಂದಿದ್ದದ್ದು. ಕಾನೂನುಬದ್ಧವಾಗಿತ್ತೇ ಎಂಬ ಪ್ರಶ್ನೆಯೇ ಇಲ್ಲಿ ಇಲ್ಲ. ಕಾನೂನುಬದ್ಧ ಎಂದು ಪತ್ರದಲ್ಲಿ ಬರೆದಿತ್ತೇ ಎಂಬುದಷ್ಟೇ. ಹಾಗೆ ತೀರ್ಮಾನಿಸಿದವರು ಯಾರು ಎಂಬ ಷರತ್ತೂ ಸಡಿಲಾದ್ದರಿಂದ ಗೊನ್ಸಾಲೆಸ್ ಕಾಲದ ಆ ಒಂದು ಪತ್ರವೂ ಬಾಗಿಲೊಳಗೆ ನುಸುಳಿತು.

ಐದನೆಯದು ಎಲ್ಲಕ್ಕಿಂತ ಜಾಣತನದ್ದು: ಈ ಕಂಪನಿ ಆರೋಪದಲ್ಲಿ ಹೇಳಿದ ನೆರವನ್ನು ಕೊಟ್ಟೇ ಇಲ್ಲ. ದೃಢೀಕರಣವನ್ನು ಗೋಪ್ಯವಾಗಿಡಬಹುದು, ಐದರಲ್ಲಿ ಯಾವುದನ್ನು ಆಧರಿಸಿ ವಜಾ ಆಯಿತು ಎಂಬುದನ್ನು ನ್ಯಾಯಾಧೀಶರು ತಮ್ಮ ಆದೇಶದಲ್ಲಿ ಹೇಳುವಂತಿಲ್ಲ. ಹಾಗಾಗಿ ದಾವೆ ಸೋತ ಗ್ರಾಹಕನಿಗೆ, ತನ್ನ ಕಂಪನಿ ಅಧ್ಯಕ್ಷರ ಪತ್ರ ನಂಬಿ ತನ್ನ ಸಂವಹನವನ್ನು ಒಪ್ಪಿಸಿತೋ, ಅಥವಾ ಏನನ್ನೂ ಮಾಡಲೇ ಇಲ್ಲವೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ನೆರೆಮನೆಯವರ ಬಳಿ ಬೀಗದ ಕೈ ಕೊಟ್ಟು ಊರಿಗೆ ಹೋದವನು ಹಿಂತಿರುಗಿ, ಯಾರಾದರೂ ಬಂದು ಬಾಗಿಲು ತೆರೆಸಿದರೇ ಎಂದು ಕೇಳಿದರೆ, "ಬಂದಿರಲೂಬಹುದು, ಬರದೆ ಇರಲೂಬಹುದು, ನೀನು ಕೇಳುವಂತಿಲ್ಲ" ಎಂದು ಪಂಚಾಯಿತಿಯೇ ತೀರ್ಪು ಕೊಟ್ಟ ಹಾಗೆ. ಹಣದ ಪರಿಹಾರ ತಪ್ಪಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಅಟಾರ್ನಿ ಜನರಲ್ ಮೈಕೆಲ್ ಮ್ಯೂಕೇಸಿ 2008ರ ಸೆಪ್ಟೆಂಬರ್‌ನಲ್ಲಿ ದೃಢೀಕರಣ ಸಲ್ಲಿಸಿದರು. 2009ರ ಜೂನ್ 3ರಂದು ವಾಕರ್, ಬೇರೆ ದಾರಿಯಿಲ್ಲದೆ, ಕಂಪನಿಗಳ ಮೇಲಿನ ದಾವೆಗಳನ್ನು ವಜಾ ಮಾಡಿದರು. 2011ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಈ ಕಾನೂನು ಸಂವಿಧಾನಬದ್ಧವೆಂದಿತು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಕಂಪನಿಯನ್ನು ಬಿಡಿ, ತಪ್ಪು ಮಾಡಿದ್ದು ಸರ್ಕಾರ ತಾನೇ, ಅದರ ಮೇಲೆಯೇ ದಾವೆ ಹಾಕಿ ಎಂದು ಅಭಯದ ಬೆಂಬಲಿಗರು ಹೇಳಿದ್ದರು. ಜನ ಹಾಕಿದರು. ಅಲ್ ಹರಮೈನ್ ಎಂಬ ಸಂಸ್ಥೆಯ ವಕೀಲರು 2010ರಲ್ಲಿ ವಾಕರ್ ಅವರ ಮುಂದೆ ಗೆದ್ದೂ ಬಿಟ್ಟರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ, ಫಿಸಾ ಕಾನೂನಿನಡಿ ಸರ್ಕಾರದ ಮೇಲೆ ಪರಿಹಾರದ ದಾವೆ ನಡೆಯುವುದಿಲ್ಲ ಎಂದು ಆ ಗೆಲುವನ್ನು ಅಳಿಸಿತು. 2013ರ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಮ್ಮ ಮಾತನ್ನೇ ಕದ್ದು ಕೇಳಿದ್ದಾರೆಂದು ತೋರಿಸಲು ನಿಮ್ಮಿಂದಾಗದು, ಹಾಗಾಗಿ ದಾವೆ ಹೂಡುವ ಅರ್ಹತೆ ಇಲ್ಲ ಎಂದಿತು. ಕ್ಲೈನ್ ಅವರ ದಾಖಲೆಗಳನ್ನೇ ಆಧರಿಸಿ 2008ರಲ್ಲಿ ನೇರವಾಗಿ ಎನ್‌ಎಸ್‌ಎ ವಿರುದ್ಧ ಹೂಡಿದ ದಾವೆ ಹದಿನಾಲ್ಕು ವರ್ಷ ಎಳೆದಾಡಿ 2022ರ ಜೂನ್‌ನಲ್ಲಿ ಕೊನೆಗೊಂಡಿತು. ಕದ್ದಾಲಿಕೆ ತಪ್ಪೋ ಸರಿಯೋ ಎಂಬ ತೀರ್ಪು ಅದರಲ್ಲೂ ಬರಲಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಎದ್ದು ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ ದೂರವಾಣಿ ಕೇಂದ್ರ ಸರ್ಕಾರದ ಇಲಾಖೆಯ ಕೈಯಲ್ಲಿತ್ತು. ನಡುವೆ ನಿಲ್ಲಬಲ್ಲ ಕಂಪನಿಯೇ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ಪ್ರಕರಣದಲ್ಲಿ, ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಪರಿಶೀಲನಾ ಸಮಿತಿ ನೋಡಬೇಕು ಎಂದು ಕಟ್ಟಳೆ ಹಾಕಿತು. ಅಂದರೆ ಇಲ್ಲಿ ನ್ಯಾಯಾಧೀಶರ ಸಹಿಯ ಅಗತ್ಯವೇ ಇಲ್ಲ, ಎಲ್ಲವೂ ಸರ್ಕಾರದೊಳಗೇ ಮುಗಿಯುತ್ತದೆ. ಹೀಗಿರುವಾಗ ಕಾಗದವನ್ನು ಕಣ್ಣಿಟ್ಟು ಓದುವ ಹೊರಗಿನ ವ್ಯಕ್ತಿಯೆಂದರೆ ಕಂಪನಿಯ ಅಧಿಕಾರಿ ಒಬ್ಬರೇ.

ರಾಜಕಾರಣಿ ಅಮರ್ ಸಿಂಗ್ ಅವರ ಪ್ರಕರಣದಲ್ಲಿ ಆ ಓದು ನಡೆಯಲಿಲ್ಲ. 2005ರಲ್ಲಿ ದೆಹಲಿ ಪೊಲೀಸರದೆಂದು ಹೇಳಿಕೊಂಡ ಖೋಟಾ ಪತ್ರವನ್ನು ನಂಬಿ ರಿಲಯನ್ಸ್ ಇನ್ಫೋಕಾಂ ಕಂಪನಿ ಅಮರ್ ಸಿಂಗ್ ಅವರ ಫೋನ್ ಕದ್ದಾಲಿಕೆಗೆ ಅನುವು ಮಾಡಿಕೊಟ್ಟಿತ್ತು. ಕಾಗುಣಿತದ ತಪ್ಪುಗಳಿಂದ ತುಂಬಿದ್ದ ಪತ್ರ ಅದು. ಅಮರ್ ಸಿಂಗ್ ಸತ್ಯಗಳನ್ನು ಮುಚ್ಚಿಟ್ಟರೆಂದು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅವರ ಅರ್ಜಿಯನ್ನು ವಜಾ ಮಾಡಿತಾದರೂ ಕಂಪನಿಯನ್ನು ಸುಮ್ಮನೆ ಬಿಡಲಿಲ್ಲ. ಅಷ್ಟು ತಪ್ಪುಗಳಿರುವ ಪತ್ರ ಬಂದಾಗ, ಒಬ್ಬರ ಖಾಸಗಿತನಕ್ಕೆ ಕೈಹಾಕುವ ಮುನ್ನ, ಅದು ಅಸಲಿಯೇ ಎಂದು ಪರಿಶೀಲಿಸುವುದು ಕಂಪನಿಯ ಹೊಣೆ ಎಂದಿತು. ಅಮೆರಿಕದ ಸಂಸತ್ತು 2008ರಲ್ಲಿ ಕೈಬಿಟ್ಟ ತತ್ವವನ್ನೇ ನಮ್ಮ ನ್ಯಾಯಾಲಯ ಇಲ್ಲಿ ಎತ್ತಿಹಿಡಿದದ್ದು.

ಆದರೆ ಆ ಪತ್ರ ನ್ಯಾಯಾಧೀಶರ ಮುಂದೆ ಬಂದದ್ದು ಅದು ಉಳಿದಿತ್ತೆಂಬ ಕಾರಣದಿಂದ. ಭಾರತದ ಟೆಲಿಗ್ರಾಫ್ ನಿಯಮಗಳಿಗೆ 2007ರಲ್ಲಿ ಸೇರಿಸಿದ 419ಎ ನಿಯಮದಲ್ಲಿ, ಕದ್ದಾಲಿಕೆ ನಿಂತ ಎರಡು ತಿಂಗಳೊಳಗೆ ಕಂಪನಿ ಅದಕ್ಕೆ ಸಂಬಂಧಿಸಿದ ಆದೇಶಗಳ ದಾಖಲೆಯನ್ನು ನಾಶ ಮಾಡಬೇಕು ಎಂದಿತ್ತು. ಗುರಿಯಾದವರಿಗೆ ಆಮೇಲಾದರೂ ತಿಳಿಸಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಕಂಪನಿಯನ್ನು ಪ್ರಶ್ನಿಸುವ ಹಕ್ಕು ನಮಗಿದೆ ಎನ್ನಬೇಕಾದರೆ ಎರಡು ಬದಲಾವಣೆ ಅವುಗಳಲ್ಲಿ ಆಗಬೇಕು: ತನಿಖೆ ಮುಗಿದ ಮೇಲೆ ಗ್ರಾಹಕನಿಗೆ ತಿಳಿಸುವುದು, ಮತ್ತು ಅಲ್ಲಿಯವರೆಗೆ ಕಂಪನಿ ಆ ಕಾಗದವನ್ನು ಕಾಪಾಡಿ ಇಡುವುದು.